ಮೊಬೈಲಿನಲ್ಲಿ ಸುವಾರ್ತೆ: ಯೂತ್ ಲೀಡರ್‌ಗಳು ಎಲ್ಲಿಂದ ಶುರು ಮಾಡಬೇಕು?

ನಮ್ಮ ಸಭೆಗಳ ಯೂತ್ ಗ್ರೂಪುಗಳನ್ನು ವಾಟ್ಸಾಪಿನಲ್ಲಿ ತೆರೆದು ನೋಡಿ. ಬೆಳಿಗ್ಗೆ ಆರಕ್ಕೆ ಗುಲಾಬಿ ಹೂವಿನ ಚಿತ್ರದ ಮೇಲೆ ಒಂದು ವಾಕ್ಯ. ಆರೂವರೆಗೆ ಬೇರೆಯವರಿಂದ ಇನ್ನೊಂದು. ಆಮೇಲೆ ಒಂದು ಗಂಟೆ ಉದ್ದದ ಪ್ರಸಂಗದ ಯೂಟ್ಯೂಬ್ ಲಿಂಕ್. ಕೆಳಗೆ ನಾಲ್ಕೈದು ಜನರ 'ಆಮೆನ್', ಅದೂ ದೊಡ್ಡವರದ್ದೇ. ಕಳಿಸುವವರ ಪ್ರೀತಿ ನಿಜ. ಆದರೆ ಯಾರಿಗಾಗಿ ಆ ಗ್ರೂಪು ಮಾಡಿದರೋ ಆ ಹುಡುಗ ಹುಡುಗಿಯರು ಅದನ್ನು ಮ್ಯೂಟ್ ಮಾಡಿ ಎಷ್ಟೋ ದಿನ ಆಗಿರುತ್ತದೆ.

ಅವರಿಗೆ ದೇವರ ಮಾತು ಬೇಡವಾಗಿದೆ ಅಂತ ನನಗೆ ಯಾವತ್ತೂ ಅನಿಸಿಲ್ಲ. ಅವರ ಹತ್ತಿರ ಪ್ರಶ್ನೆಗಳು ರಾಶಿ ಇವೆ. ಕೇಳೋದಕ್ಕೆ ಜಾಗ ಸಿಕ್ಕಿಲ್ಲ, ಅಷ್ಟೆ. ಭಾನುವಾರ ಆರಾಧನೆಯ ನಡುವೆ ಯಾರೂ ಕೈ ಎತ್ತಿ ಪ್ರಶ್ನೆ ಕೇಳುವುದಿಲ್ಲ. ಅದೇ ಪ್ರಶ್ನೆ ರಾತ್ರಿ ಹತ್ತು ಗಂಟೆಗೆ ಮೆಸೇಜಾಗಿ ಬರುತ್ತದೆ. ಹಾಗಾಗಿ ನಾವು ಏನು ಕಳಿಸಬೇಕು ಅನ್ನೋದಕ್ಕಿಂತ, ಅವರು ತಿರುಗಿ ಕೇಳುವ ಹಾಗೆ ಹೇಗೆ ಮಾಡಬೇಕು ಅನ್ನೋದೇ ನನಗೆ ಮುಖ್ಯ. ಕೆಳಗಿನ ಹೆಜ್ಜೆಗಳೆಲ್ಲ ಆ ಕಡೆಗೇ ಹೋಗುತ್ತವೆ. ಯೂತ್ ಲೀಡರ್‌ಗಳು, ಸಂಡೇ ಸ್ಕೂಲ್ ಟೀಚರ್‌ಗಳು, ದೃಢೀಕರಣದ ತರಗತಿ ನಡೆಸುವ ಸಭಾಪಾಲಕರು, ಕಥೊಲಿಕ ಧರ್ಮಕೇಂದ್ರಗಳ ಫಾದರ್, ಸಿಸ್ಟರ್‌ಗಳು, ಎಲ್ಲರನ್ನೂ ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ಹೆಜ್ಜೆ 1: ಮೊದಲು ಫೋನಿನ ಸಮಾಚಾರ ಕೇಳಿ

ಗ್ರೂಪು ಮಾಡುವ ಮೊದಲು ನಿಮ್ಮ ಯುವಕರ ಜೊತೆ ಕೂತು ಒಂದಿಷ್ಟು ವಿಚಾರಿಸಿ. ಫೋನ್ ಯಾರದ್ದು? ಸ್ವಂತದ್ದಾ, ಅಮ್ಮನದ್ದಾ, ಅಣ್ಣನ ಜೊತೆ ಹಂಚಿಕೊಂಡದ್ದಾ? ದಿನಕ್ಕೆ ಎಷ್ಟು ಡೇಟಾ ಸಿಗುತ್ತೆ? ಎಷ್ಟು ಗಂಟೆಗೆ ಫೋನ್ ಕೈಗೆ ಬರುತ್ತೆ? ಯಾವ ಆ್ಯಪ್ ಜಾಸ್ತಿ ನೋಡ್ತೀರಿ? ಕನ್ನಡ ಓದೋದು ಸುಲಭವಾ, ಕೇಳೋದು ಸುಲಭವಾ?

ಈ ಉತ್ತರಗಳಿಂದ ನಿಮ್ಮ ಇಡೀ ಯೋಜನೆ ಬದಲಾಗಬಹುದು. ಬೆಂಗಳೂರಿನ ಪಿಜಿಯಲ್ಲಿ ವೈಫೈ ಹಿಡಿದು ಕೂತ ಇಂಜಿನಿಯರಿಂಗ್ ಹುಡುಗನ ಸ್ಥಿತಿಯೇ ಬೇರೆ. ಬೀದರ್ ಕಡೆಯ ಹಳ್ಳಿಯಲ್ಲಿ ಅಪ್ಪ ಹೊಲದಿಂದ ಬಂದ ಮೇಲೆ ಮಾತ್ರ ಫೋನ್ ಸಿಗುವ ಪಿಯುಸಿ ಹುಡುಗಿಯ ಸ್ಥಿತಿಯೇ ಬೇರೆ. ಮೊದಲನೆಯವನಿಗೆ ವಿಡಿಯೋ ನಡೆಯುತ್ತದೆ. ಎರಡನೆಯವಳಿಗೆ ಸಂಜೆ ಏಳರಿಂದ ಎಂಟರೊಳಗೆ ಬರುವ ಸಣ್ಣ ಆಡಿಯೋ ಬೇಕು. ಮಲೆನಾಡಿನ ಮನೆಗಳಲ್ಲಿ ಸಿಗ್ನಲ್‌ಗಾಗಿ ಅಂಗಳದ ಮೂಲೆಗೆ ಹೋಗಿ ನಿಲ್ಲಬೇಕು. ಅಂಥ ಕಡೆ ಭಾನುವಾರ ಚರ್ಚಿನಲ್ಲೇ ಕ್ವಿಕ್ ಶೇರ್ ಅಥವಾ ಬ್ಲೂಟೂತಿನಲ್ಲಿ ಇಡೀ ವಾರದ ಆಡಿಯೋ ಕೊಟ್ಟು ಕಳಿಸಿಬಿಡಿ. ಡೇಟಾ ಖರ್ಚೇ ಇಲ್ಲ.

ಹಂಚಿಕೊಂಡ ಫೋನಿನ ವಿಷಯದಲ್ಲಿ ಒಂದು ಎಚ್ಚರ ಬೇಕು. ಆ ಹುಡುಗಿ ತನ್ನ ಮನಸ್ಸಿನ ಮಾತು ಬರೆದು, ಕಳಿಸಿ, ಅಳಿಸಿಬಿಟ್ಟಿರುತ್ತಾಳೆ. ನೀವು ಎರಡು ಗಂಟೆ ಬಿಟ್ಟು ಉತ್ತರ ಬರೆದರೆ ಅದನ್ನು ಓದುವುದು ಅವಳ ಅಣ್ಣ. ಹಾಗಾಗಿ ಸೂಕ್ಷ್ಮ ವಿಷಯಕ್ಕೆ ನೇರ ಉತ್ತರ ಬರೆಯುವ ಮೊದಲು 'ಈಗ ಮಾತಾಡಬಹುದಾ?' ಅಂತಷ್ಟೇ ಕೇಳಿ.

ಭಾಷೆಯ ವಿಷಯವೂ ಇಲ್ಲೇ ಇತ್ಯರ್ಥವಾಗಲಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಆಡುವ ಕನ್ನಡ ನೀರು ಕುಡಿದಷ್ಟು ಸಲೀಸು. ಆದರೆ ಸತ್ಯವೇದದ, ಅಂದರೆ ಬೈಬಲಿನ, ಹಳೆಯ ಕನ್ನಡ ಓದಲು ಕಷ್ಟ. ಅವರಿಗೆ ಅವರ ಮಾತಿನಲ್ಲೇ ಹೇಳಿ. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆ 1834ರಲ್ಲಿ ಮಂಗಳೂರಿಗೆ ಬಂತು. ಆ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರಲ್ಲಿ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದಾಗ ಅದು ಕನ್ನಡದ ಮೊದಲ ಪತ್ರಿಕೆಯಾಯಿತು. ಆ ಕಾಲಕ್ಕೆ ಅದೇ ಹೊಸ ತಂತ್ರಜ್ಞಾನ. ಆದರೆ ಮೊಗ್ಲಿಂಗ್ ಜನರ ಗಾದೆಗಳನ್ನೂ ಕೂಡಿಸಿದರು. ಅದೇ ಮಿಷನ್ನಿನ ಕಿಟ್ಟೆಲ್ ವರ್ಷಗಟ್ಟಲೆ ಕನ್ನಡದ ಪದ ಪದ ಹೆಕ್ಕಿ 1894ರಲ್ಲಿ ನಿಘಂಟು ಕೊಟ್ಟರು. ದೂರದ ಜರ್ಮನಿಯಿಂದ ಬಂದವರು ನಮ್ಮ ಮಾತಿಗೆ ಅಷ್ಟು ಕಿವಿ ಕೊಟ್ಟರು. ನಮ್ಮದೇ ಮನೆಯ ಮಕ್ಕಳ ಮಾತಿಗೆ ನಾವು ಕಿವಿ ಕೊಡಬೇಕಲ್ವಾ? ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ಹುಡುಗನನ್ನು ತಿದ್ದಲು ಹೋಗಬೇಡಿ. ನೀವು ಕನ್ನಡ ಅಕ್ಷರದಲ್ಲೇ ಬರೆಯಿರಿ, ಅವನು ಅವನ ಹಾಗೆ ಬರೆಯಲಿ. ಜಿಬೋರ್ಡ್ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದೇ ಟೈಪ್ ಮಾಡಿಕೊಳ್ಳುತ್ತದೆ. ಟೈಪಿಂಗ್ ಬಾರದ ಹಿರಿಯ ಸಭಾಪಾಲಕರಿಗೆ ಇದನ್ನು ತೋರಿಸಿಕೊಡಿ.

ಹೆಜ್ಜೆ 2: ಒಂದು ಸಣ್ಣ ಗ್ರೂಪು, ಒಂದು ಚಾನೆಲ್

ಎಲ್ಲ ಆ್ಯಪ್‌ಗಳಲ್ಲೂ ಖಾತೆ ತೆರೆದು ಎಲ್ಲೂ ಉತ್ತರ ಕೊಡದೆ ಇರುವುದಕ್ಕಿಂತ ಎರಡೇ ಕಡೆ ಗಟ್ಟಿಯಾಗಿ ನಿಲ್ಲುವುದು ಒಳ್ಳೆಯದು.

ವಾಟ್ಸಾಪ್ ಗ್ರೂಪಿನಲ್ಲಿ 1024 ಜನ ಸೇರಬಹುದು. ಆದರೆ ಮಾತುಕತೆ ನಡೆಯಬೇಕಾದರೆ ಎಂಟರಿಂದ ಹನ್ನೆರಡು ಜನ ಸಾಕು. ಅದಕ್ಕಿಂತ ಜಾಸ್ತಿಯಾದರೆ ಎರಡು ಗ್ರೂಪು ಮಾಡಿ. ದೊಡ್ಡ ಗ್ರೂಪಿನಲ್ಲಿ ಮಾತಾಡುವವರು ಅದೇ ಮೂವರು, ಉಳಿದವರು ನೋಡುವವರು. ಸಣ್ಣ ಗ್ರೂಪಿಗೆ ಮೊದಲ ದಿನವೇ ಎರಡು ನಿಯಮ ಹಾಕಿ: ಫಾರ್ವರ್ಡ್ ಇಲ್ಲ, ಒಬ್ಬರ ಪ್ರಶ್ನೆಗೆ ಇನ್ನೊಬ್ಬರು ನಗುವಂತಿಲ್ಲ. ಹೊಸಬರನ್ನು ಸೇರಿಸುವ ಮುಂಚೆ ಅವರನ್ನು ಕೇಳಿ. ಸೆಟ್ಟಿಂಗಿನಲ್ಲಿ ಅಡ್ಮಿನ್ ಒಪ್ಪಿಗೆ ಆನ್ ಮಾಡಿಟ್ಟರೆ ಲಿಂಕ್ ಹಿಡಿದು ಯಾರೋ ಒಳಗೆ ಬರುವುದು ತಪ್ಪುತ್ತದೆ.

ಪ್ರಕಟಣೆಗೆ, ದಿನದ ಆಡಿಯೋಗೆ, ನೀವು ಮಾತ್ರ ಕಳಿಸುವ, ಉಳಿದವರು ನೋಡುವ ಚಾನೆಲ್ ಮಾಡಿ. ಭಾರತದಲ್ಲಿ ವಾಟ್ಸಾಪ್ ಚಾನೆಲ್ 2023ರ ಸೆಪ್ಟೆಂಬರಿನಲ್ಲಿ ಬಂತು. ಅದರಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಹುಡುಗಿಯರಿಗೆ ಇದು ದೊಡ್ಡ ನೆಮ್ಮದಿ. ತಮ್ಮ ಹೆಸರು ನಾಲ್ಕು ಜನಕ್ಕೆ ಗೊತ್ತಾಗುವುದು ಬೇಡ ಅನ್ನುವವರಿಗೂ ಅನುಕೂಲ. ಒಂದೇ ಮೆಸೇಜನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್ ಬಳಸುವವರು ಒಂದು ವಿಷಯ ಗಮನಿಸಿ. ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಮೆಸೇಜು ತಲುಪುತ್ತದೆ. ಕಳಿಸಿದ್ದು ಹೋಗಿದೆ ಅಂತ ನಾವು ಅಂದುಕೊಂಡಿರುತ್ತೇವೆ, ಅರ್ಧ ಜನಕ್ಕೆ ಹೋಗಿಯೇ ಇರುವುದಿಲ್ಲ.

ಇನ್‌ಸ್ಟಾಗ್ರಾಮ್ ಆಮೇಲೆ ನೋಡಿಕೊಳ್ಳಿ. ಅದನ್ನು ನಿಮ್ಮ ಯುವಕರೇ ನಡೆಸಲಿ.

ಹೆಜ್ಜೆ 3: ಸತ್ಯವೇದವನ್ನು ಫೋನಿಗೆ ಇಳಿಸಿ, ಮಾರ್ಕನಿಂದ ಶುರು ಮಾಡಿ

2008ರಿಂದ ಇರುವ ಯೂವರ್ಷನ್ ಬೈಬಲ್ ಆ್ಯಪ್ ಉಚಿತ. ಅದರಲ್ಲಿ ಭಾರತೀಯ ಸತ್ಯವೇದ ಸಂಘದ ಕನ್ನಡ ಅನುವಾದವೂ ಸಿಗುತ್ತದೆ. ಭಾಷೆಯ ಪಟ್ಟಿಯಲ್ಲಿ ಕನ್ನಡ ಆರಿಸಿ, ಅನುವಾದ ಆರಿಸಿ, ಪಕ್ಕದ ಡೌನ್‌ಲೋಡ್ ಗುರುತು ಒತ್ತಿದರೆ ಮುಂದೆ ನೆಟ್ ಇಲ್ಲದಿದ್ದರೂ ಓದಬಹುದು. ಕೇಳುವುದೇ ಸುಲಭ ಅನ್ನುವವರಿಗೆ ಬೈಬಲ್ ಡಾಟ್ ಈಸ್ ಆ್ಯಪ್ ಇದೆ. ಓದಿ ಅಂತ ಹೇಳಿ ಬಿಟ್ಟುಬಿಡಬೇಡಿ. ಭಾನುವಾರ ಆರಾಧನೆ ಮುಗಿದ ಮೇಲೆ ಪಕ್ಕದಲ್ಲಿ ಕೂತು ಅವರ ಕೈಯಿಂದಲೇ ಹಾಕಿಸಿ. 'ಸ್ಟೋರೇಜ್ ಫುಲ್' ಅಂತ ಬಂದರೆ ಹಳೆಯ ಗುಡ್ ಮಾರ್ನಿಂಗ್ ಚಿತ್ರಗಳನ್ನು ಅಳಿಸಲು ಸಹಾಯ ಮಾಡಿ.

ಆದಿಕಾಂಡದಿಂದ ಶುರು ಮಾಡಿದ ಹುಡುಗ ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ನಿಲ್ಲಿಸಿಬಿಡುತ್ತಾನೆ. ಮಾರ್ಕನ ಸುವಾರ್ತೆ ಕೊಡಿ. ನಾಲ್ಕು ಸುವಾರ್ತೆಗಳಲ್ಲಿ ಇದೇ ಚಿಕ್ಕದು, 16 ಅಧ್ಯಾಯ. ಕಥೆ ಓಡುತ್ತದೆ. ದಿನಕ್ಕೆ ಒಂದು ಅಧ್ಯಾಯ, ಭಾನುವಾರ ಬಿಡುವು ಅಂದರೂ ಮೂರು ವಾರದಲ್ಲಿ ಮುಗಿಯುತ್ತದೆ. ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಒಂದು ಅಧ್ಯಾಯ ಕೇಳಿಬಿಡಬಹುದು.

ಓದಿದ ಮೇಲೆ ಗ್ರೂಪಿನಲ್ಲಿ ಒಂದೇ ಪ್ರಶ್ನೆ ಹಾಕಿ. ಸರಿ ಉತ್ತರ, ತಪ್ಪು ಉತ್ತರ ಅಂತ ಇರುವ ಕ್ವಿಜ್ ಪ್ರಶ್ನೆ ಬೇಡ. ಅವರ ಬದುಕನ್ನು ಮುಟ್ಟುವ ಪ್ರಶ್ನೆ ಬೇಕು. 2ನೇ ಅಧ್ಯಾಯದಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು ಮಾಳಿಗೆ ಕಿತ್ತು ಕೆಳಗಿಳಿಸುತ್ತಾರೆ. ಅವತ್ತು ಕೇಳಿ: ನಿನಗೆ ಕಷ್ಟ ಬಂದರೆ ನಿನ್ನನ್ನು ಹೊತ್ತು ತರುವ ನಾಲ್ಕು ಜನ ಯಾರು? ಈ ಪ್ರಶ್ನೆಗೆ ಹುಡುಗರು ಬರೆಯುವ ಉತ್ತರ ನೋಡಬೇಕು. ಕೆಲವರು ಎರಡು ಹೆಸರು ಬರೆದು ನಿಲ್ಲಿಸುತ್ತಾರೆ. ಆ ಉತ್ತರದಲ್ಲೇ ನಿಮಗೆ ಅವರ ಒಂಟಿತನ ಗೊತ್ತಾಗುತ್ತದೆ, ನಿಮ್ಮ ಮುಂದಿನ ಕೆಲಸವೂ ಗೊತ್ತಾಗುತ್ತದೆ.

4ನೇ ಅಧ್ಯಾಯದಲ್ಲಿ ಬಿರುಗಾಳಿ ಎದ್ದಿದೆ, ಯೇಸು ದೋಣಿಯಲ್ಲಿ ಮಲಗಿದ್ದಾನೆ. ದೇವರು ಮಲಗಿಬಿಟ್ಟಿದ್ದಾನೆ ಅಂತ ನಿನಗೆ ಯಾವಾಗ ಅನಿಸಿತು? 9ನೇ ಅಧ್ಯಾಯದಲ್ಲಿ ಒಬ್ಬ ತಂದೆ ತನ್ನ ಮಗನಿಗಾಗಿ ಬೇಡುತ್ತಾ, ನಂಬುತ್ತೇನೆ ಅಂತಲೂ ಹೇಳುತ್ತಾನೆ, ನಂಬಲು ಆಗುತ್ತಿಲ್ಲ, ಸಹಾಯ ಮಾಡು ಅಂತಲೂ ಹೇಳುತ್ತಾನೆ. ನಿನಗೆ ನಂಬಲು ಕಷ್ಟವಾದದ್ದು ಯಾವುದು? 14ರಲ್ಲಿ ಪೇತ್ರ ಬೆಂಕಿ ಕಾಯಿಸಿಕೊಳ್ಳುತ್ತಾ ತನಗೆ ಯೇಸುವಿನ ಗುರುತೇ ಇಲ್ಲ ಅಂದುಬಿಡುತ್ತಾನೆ. ಕಾಲೇಜಿನಲ್ಲಿ ಸ್ನೇಹಿತರ ಮುಂದೆ ನಂಬಿಕೆಯ ಮಾತು ಬಂದಾಗ ನೀನು ಏನು ಮಾಡುತ್ತೀಯ?

ಮೊದಲ ಉತ್ತರ ನಿಮ್ಮದಾಗಿರಲಿ, ಪ್ರಾಮಾಣಿಕವಾಗಿರಲಿ. ಲೀಡರ್ ಬಾಯಿ ಬಿಟ್ಟರೆ ಹುಡುಗರು ಬಿಡುತ್ತಾರೆ. ಯಾರೂ ಉತ್ತರ ಹಾಕದ ದಿನವೂ ಇರುತ್ತದೆ. ಪರೀಕ್ಷೆ ಇರಬಹುದು, ರೀಚಾರ್ಜ್ ಮುಗಿದಿರಬಹುದು. 'ಯಾಕೆ ಯಾರೂ ಮಾತಾಡ್ತಿಲ್ಲ?' ಅಂತ ಗ್ರೂಪಿನಲ್ಲಿ ಗದರಿಸಬೇಡಿ. ಮರುದಿನದ ಅಧ್ಯಾಯಕ್ಕೆ ಹೋಗಿ.

ಹೆಜ್ಜೆ 4: ನಿಮ್ಮ ದನಿ, ಅವರ ವಿಡಿಯೋ

ನಮ್ಮ ಕೈಯಲ್ಲಿರುವ ಸಾಧನಗಳಲ್ಲಿ ವಾಯ್ಸ್ ಮೆಸೇಜಿಗೆ ನಾನು ಮೊದಲ ಸ್ಥಾನ ಕೊಡುತ್ತೇನೆ. ವಿಡಿಯೋಗಿಂತ ತುಂಬ ಕಡಿಮೆ ಡೇಟಾ ತಿನ್ನುತ್ತದೆ. ಓದಲು ಕಷ್ಟಪಡುವವರಿಗೂ ಮುಟ್ಟುತ್ತದೆ. ಪರಿಚಯದ ದನಿಯಲ್ಲಿ ತನ್ನ ಹೆಸರು ಹಿಡಿದು ಪ್ರಾರ್ಥನೆ ಮಾಡಿದ್ದನ್ನು ಹುಡುಗರು ಮತ್ತೆ ಮತ್ತೆ ಕೇಳುತ್ತಾರೆ.

ರೆಕಾರ್ಡ್ ಮಾಡುವುದು ಹೀಗೆ. ಫ್ಯಾನ್ ಆಫ್ ಮಾಡಿ. ಖಾಲಿ ಹಾಲಿನಲ್ಲಿ ನಿಂತರೆ ದನಿ ಗುಂಯ್ ಅನ್ನುತ್ತದೆ. ಬಟ್ಟೆಯ ಬೀರು ಇರುವ, ಹಾಸಿಗೆ ಹಾಸಿದ ಕೋಣೆಗೆ ಹೋಗಿ. ಫೋನನ್ನು ಬಾಯಿಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಹಿಡಿಯಿರಿ. ನೇರ ಹಿಡಿದರೆ 'ಪ', 'ಫ' ಅಂದಾಗಲೆಲ್ಲ ಗಾಳಿ ಬಡಿದ ಸದ್ದಾಗುತ್ತದೆ. ತಗಡಿನ ಶೀಟಿನ ಮನೆಯಾದರೆ ಮಳೆ ನಿಲ್ಲುವವರೆಗೆ ಕಾಯಿರಿ. ಎರಡು ನಿಮಿಷದೊಳಗೆ ಮುಗಿಸಿ. ಒಂದು ಘಟನೆ, ಒಂದು ಮಾತು, ಒಂದು ಸಣ್ಣ ಪ್ರಾರ್ಥನೆ, ಸಾಕು. ಪುಲ್ಪಿಟ್ ದನಿ ಬೇಡ. ಎದುರಿಗೆ ಒಬ್ಬ ಹುಡುಗ ಕೂತಿದ್ದಾನೆ ಅಂದುಕೊಂಡು 'ನೋಡು' ಅಂತ ಶುರು ಮಾಡಿ. ಕಳಿಸುವ ಮೊದಲು ಒಂದು ಸಲ ಪೂರ್ತಿ ಕೇಳಿಸಿಕೊಳ್ಳಿ.

ವಿಡಿಯೋವನ್ನು ಯುವಕರ ಕೈಗೆ ಬಿಡಿ. ಫೋನ್ ಉದ್ದಕ್ಕೆ ಹಿಡಿಯಬೇಕು, ಬೆಳಕು ಮುಖದ ಮೇಲೆ ಬೀಳಬೇಕು, ಮೊದಲ ಮೂರು ಸೆಕೆಂಡಿನಲ್ಲೇ ವಿಷಯ ಬರಬೇಕು. ಇವನ್ನೆಲ್ಲ ಅವರು ನಮಗೇ ಕಲಿಸುತ್ತಾರೆ. ಶಾರ್ಟ್ಸ್, ರೀಲ್ಸ್ ಎರಡರಲ್ಲೂ ಈಗ 3 ನಿಮಿಷದವರೆಗೆ ಅವಕಾಶವಿದೆ, ಆದರೆ ಒಂದು ನಿಮಿಷ ದಾಟದಿದ್ದರೆ ಒಳ್ಳೆಯದು. ಬಸ್ಸಿನಲ್ಲಿ, ಕ್ಲಾಸಿನಲ್ಲಿ ದನಿ ಬಂದ್ ಮಾಡಿ ನೋಡುವವರು ಜಾಸ್ತಿ. ಹಾಗಾಗಿ ಕನ್ನಡದಲ್ಲಿ ಅಕ್ಷರ ಹಾಕಿಸಿ. ನಿಮ್ಮ ಕೆಲಸ ಇಷ್ಟೇ: ಹೇಳಿದ್ದು ಸತ್ಯವಾ, ಯಾರಿಗಾದರೂ ನೋವಾಗುತ್ತದಾ, ವಾಕ್ಯವನ್ನು ಸಂದರ್ಭ ಬಿಟ್ಟು ಎಳೆದಿದ್ದಾರಾ ಅಂತ ಪ್ರೀತಿಯಿಂದ ನೋಡಿ ಹೇಳುವುದು.

ಹುಡುಗರಿಗೆ ಕಾರ್ಲೊ ಅಕ್ಯುಟಿಸ್ ವಿಷಯ ಹೇಳಿ. ಇಟಲಿಯ ಮಿಲಾನಿನಲ್ಲಿ ಬೆಳೆದ ಹುಡುಗ. ಕಂಪ್ಯೂಟರ್ ಅಂದರೆ ಪ್ರಾಣ. ಪರಮಪ್ರಸಾದದ (ಕರ್ತನ ಭೋಜನದ) ಅದ್ಭುತಗಳ ವಿವರ ಕೂಡಿಸಿ ತಾನೇ ವೆಬ್‌ಸೈಟ್ ಮಾಡಿದ. ರಕ್ತದ ಕ್ಯಾನ್ಸರಿನಿಂದ 2006ರಲ್ಲಿ ತೀರಿಕೊಂಡಾಗ ಅವನಿಗೆ 15 ವರ್ಷ. 2025ರ ಸೆಪ್ಟೆಂಬರ್ 7ರಂದು ಪೋಪ್ ಲಿಯೊ ಅವನನ್ನು ಸಂತನೆಂದು ಸಾರಿದರು. ಸಂತರ ವಿಷಯದಲ್ಲಿ ನಮ್ಮ ಸಭೆಗಳ ನಡುವೆ ಬೇರೆ ಬೇರೆ ನಂಬಿಕೆ ಇದೆ, ಅದಿರಲಿ. ಜೀನ್ಸ್, ಸ್ನೀಕರ್ಸ್ ಹಾಕಿಕೊಂಡ ಒಬ್ಬ ಹುಡುಗ ತನಗೆ ಬರುವ ವಿದ್ಯೆಯನ್ನೇ ದೇವರ ಕೆಲಸಕ್ಕೆ ಇಟ್ಟ. ಎಡಿಟಿಂಗ್ ಬಲ್ಲ ನಿಮ್ಮ ಸಭೆಯ ಹುಡುಗನಿಗೆ ಈ ಮಾತು ನೇರ ಮುಟ್ಟುತ್ತದೆ.

ಹಾಡಿನ ವಿಷಯದಲ್ಲಿ ಹುಷಾರು. ಬೇರೆಯವರ ಆರಾಧನೆ ಹಾಡನ್ನು ಹಿಂದೆ ಹಾಕಿದರೆ ಯೂಟ್ಯೂಬ್ ತಾನೇ ಗುರುತು ಹಿಡಿದು ತಡೆಯಬಹುದು. ಅದಕ್ಕಿಂತ ಮುಖ್ಯವಾಗಿ, ಅದು ಇನ್ನೊಬ್ಬರ ದುಡಿಮೆ. ಬರೆದವರು ತೀರಿಕೊಂಡು 60 ವರ್ಷ ದಾಟಿದ ಹಳೆಯ ಕೀರ್ತನೆಗಳನ್ನು ನಿಮ್ಮ ಗಾಯನ ತಂಡದಿಂದಲೇ ಹಾಡಿಸಿ. ಸತ್ಯವೇದದ ಅನುವಾದಗಳಿಗೂ ಹಕ್ಕು ಇದೆ. ಚಿತ್ರ, ವಿಡಿಯೋಗಳಲ್ಲಿ ಜಾಸ್ತಿ ಬಳಸುವುದಾದರೆ ಇಂಡಿಯನ್ ರಿವೈಸ್ಡ್ ವರ್ಷನ್ ಅನ್ನುವ ಕನ್ನಡ ಅನುವಾದ ನೋಡಿ. ಅದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಅನುವಾದದ ಹೆಸರು ಹಾಕಿ ಹಂಚಬಹುದು.

ಹೆಜ್ಜೆ 5: ಪ್ರಶ್ನೆ ಬಂದಾಗ

ಮೊದಲ ನಾಲ್ಕು ಹೆಜ್ಜೆ ಸರಿಯಾಗಿ ಇಟ್ಟರೆ ಒಂದು ದಿನ ಇಂಥ ಮೆಸೇಜು ಬರುತ್ತದೆ:

'ಅಕ್ಕ, ಮಲಗಿದ್ರಾ? ಒಂದು ಕೇಳ್ಲಾ? ನಾನು ಸಣ್ಣವಳಿದ್ದಾಗಿಂದ ಅಪ್ಪ ಕುಡಿಯೋದು ಬಿಡಲಿ ಅಂತ ಪ್ರಾರ್ಥನೆ ಮಾಡ್ತಿದ್ದೀನಿ. ಬಿಟ್ಟಿಲ್ಲ. ದೇವ್ರು ಕೇಳಿಸ್ಕೊಳ್ತಾನಾ ಇಲ್ವಾ?'

ಇದಕ್ಕೆ ಒಂದು ವಾಕ್ಯ ಅಂಟಿಸಿ ಕೈ ಮುಗಿದ ಇಮೋಜಿ ಹಾಕಿದರೆ ಅವಳು ಮತ್ತೆ ಕೇಳುವುದಿಲ್ಲ. 'ನಿನ್ನ ನಂಬಿಕೆ ಸಾಲದು' ಅಂದರಂತೂ ಅವಳ ಹೆಗಲ ಮೇಲೆ ಇನ್ನೊಂದು ಹೊರೆ ಇಟ್ಟಂತೆ. ಹೀಗೆ ಬರೆಯಬಹುದು:

'ಇಲ್ಲ ಮರಿ, ಎದ್ದಿದ್ದೀನಿ. ಇಷ್ಟು ವರ್ಷ ಒಬ್ಬಳೇ ಇದನ್ನ ಹೊತ್ಕೊಂಡು ಬಂದಿದ್ದೀಯ, ಎಷ್ಟು ಕಷ್ಟ ಆಗಿರ್ಬೇಕು. ದೇವ್ರು ಯಾಕೆ ಇನ್ನೂ ಅಪ್ಪನ್ನ ಬಿಡಿಸಿಲ್ಲ ಅಂತ ನಂಗೆ ಗೊತ್ತಿಲ್ಲ. ಆದ್ರೆ ನೀನು ಕೇಳಿದ ಪ್ರಶ್ನೆ ತಪ್ಪಲ್ಲ. 13ನೇ ಕೀರ್ತನೆ ಬರೆದವರೂ ಇದನ್ನೇ ಕೇಳಿದ್ದಾರೆ, ಎಷ್ಟು ದಿನ ಅಂತ. ಮನೇಲಿ ಈಗ ನೀನು, ಅಮ್ಮ ಆರಾಮಾಗಿದ್ದೀರಾ? ಹೊಡೆಯೋದು ಏನಾದ್ರೂ ಇದ್ಯಾ?'

ಈ ಉತ್ತರದಲ್ಲಿ ಏನೇನಿದೆ ನೋಡಿ. ಮೊದಲು ಅವಳ ನೋವಿಗೆ ಮಾತು. ಆಮೇಲೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದದ್ದು. ಸತ್ಯವೇದ ಅವಳ ಜೊತೆ ಕೂತು ಅಳುವ ಹಾಗೆ ಬಂದಿದೆ, ಬುದ್ಧಿ ಹೇಳುವ ಹಾಗೆ ಬಂದಿಲ್ಲ. 13ನೇ ಕೀರ್ತನೆಯಲ್ಲಿ ಇರುವುದು ಆರೇ ವಚನ, ಮಲಗುವ ಮೊದಲು ಓದಿಬಿಡಬಹುದು. ಕೊನೆಗೆ ಅವಳ ಸುರಕ್ಷತೆಯ ಪ್ರಶ್ನೆ. ಉತ್ತರ ಕೊಟ್ಟ ಮೇಲೆ ಮರುದಿನ ಸಂಜೆ ನೀವೇ ಮೆಸೇಜು ಮಾಡಿ ವಿಚಾರಿಸಿ. ಕೇಳಿದ್ದನ್ನು ನೆನಪಿಟ್ಟುಕೊಂಡಿದ್ದಾರೆ ಅನ್ನುವುದೇ ಅವಳಿಗೆ ಸುವಾರ್ತೆ.

ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯದಲ್ಲಿ ಫಿಲಿಪ್ಪ ಇಥಿಯೋಪ್ಯದವನ ರಥದ ಹತ್ತಿರ ಓಡಿಹೋಗಿ ಮೊದಲು ಮಾಡಿದ್ದು ಪ್ರಶ್ನೆ ಕೇಳುವುದು. ಆಮೇಲೆ ಕರೆದಾಗ ಹತ್ತಿ ಪಕ್ಕದಲ್ಲಿ ಕೂತ. ಓದುತ್ತಿದ್ದ ಜಾಗದಿಂದಲೇ ಮಾತು ಶುರು ಮಾಡಿದ. ಮೊಬೈಲಿನಲ್ಲೂ ಈ ಕ್ರಮ ಬದಲಾಗಬೇಕಿಲ್ಲ.

ವಿಜ್ಞಾನ, ವಿಕಾಸವಾದ, ಬೇರೆ ಧರ್ಮದ ಗೆಳತಿಯ ಜೊತೆ ಮದುವೆ, ಇಂಥ ಪ್ರಶ್ನೆಗಳೂ ಬರುತ್ತವೆ. ಅವಸರದ ಉತ್ತರ ಬೇಡ. 'ಒಳ್ಳೆ ಪ್ರಶ್ನೆ, ಓದ್ಕೊಂಡು ಶನಿವಾರ ಹೇಳ್ತೀನಿ' ಅನ್ನಿ, ಶನಿವಾರ ಮರೆಯದೆ ಹೇಳಿ. ಎಐ ಚಾಟ್‌ಬಾಟ್ ಬರೆದುಕೊಟ್ಟದ್ದನ್ನು ಹಾಗೇ ಅಂಟಿಸಬೇಡಿ. ಅದು ಇಲ್ಲದ ವಚನವನ್ನೂ ಇದೆ ಅಂತ ಹೇಳಿಬಿಡುತ್ತದೆ. ಹುಡುಗರಿಗೆ ಬೇಕಾದದ್ದು ನಿಮ್ಮ ಮಾತು.

ಹೆಜ್ಜೆ 6: ಮಕ್ಕಳ ಸುರಕ್ಷತೆಯಲ್ಲಿ ರಾಜಿ ಇಲ್ಲ

ಇದನ್ನು ಸಭೆಯ ಕಮಿಟಿಯಲ್ಲಿ ಓದಿ ಒಪ್ಪಿಸಿ, ಬರವಣಿಗೆಯಲ್ಲಿ ಇಡಿ.

18 ತುಂಬದವರನ್ನು ಗ್ರೂಪಿಗೆ ಸೇರಿಸುವ ಮೊದಲು ತಂದೆ ತಾಯಿಯ ಒಪ್ಪಿಗೆ ಬೇಕು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯಿದೆ ಕೂಡ 18ರೊಳಗಿನವರನ್ನು ಮಕ್ಕಳು ಅಂತಲೇ ಎಣಿಸುತ್ತದೆ. ಪ್ರತಿ ಗ್ರೂಪಿನಲ್ಲಿ ಇಬ್ಬರು ದೊಡ್ಡವರು ಇರಬೇಕು, ಒಬ್ಬರು ಹೆಂಗಸಾಗಿರಬೇಕು. ಹುಡುಗಿಯರ ವೈಯಕ್ತಿಕ ಮಾತು ಅಕ್ಕಂದಿರ ಹತ್ತಿರ, ಹುಡುಗರದ್ದು ಅಣ್ಣಂದಿರ ಹತ್ತಿರ. ರಾತ್ರಿ ಹತ್ತೂವರೆ ಆದ ಮೇಲೆ ತುರ್ತು ಇದ್ದರೆ ಮಾತ್ರ ಮಾತು, ಅದೂ ಇನ್ನೊಬ್ಬ ಲೀಡರ್‌ಗೆ ತಿಳಿಸಿ. ತಾನೇ ಮಾಯವಾಗುವ ಮೆಸೇಜಿನ ಸೆಟ್ಟಿಂಗ್ ಬೇಡ. ಫೋಟೋ ಹಾಕುವ ಮುನ್ನ ಕೇಳಿ. ಫೋಟೋ ಜೊತೆ ಹೆಸರು, ಕಾಲೇಜು, ಊರು ಮೂರನ್ನೂ ಬರೆಯಬೇಡಿ. ಇನ್‌ಸ್ಟಾಗ್ರಾಮ್ 2025ರಿಂದ ಭಾರತದಲ್ಲೂ ಹದಿಹರೆಯದವರಿಗೆ ಟೀನ್ ಖಾತೆ ತಂದಿದೆ. ಅದು ಮೊದಲಿಂದಲೇ ಪ್ರೈವೇಟ್ ಆಗಿರುತ್ತದೆ, ಅಪರಿಚಿತರ ಮೆಸೇಜು ತಡೆಯುತ್ತದೆ. ಆ ಸೆಟ್ಟಿಂಗ್ ತೆಗೆಸಿ ಅಂತ ಯಾವ ಲೀಡರೂ ಕೇಳಬಾರದು.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ಗೊತ್ತಾದರೆ ಪೋಕ್ಸೋ ಕಾಯಿದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ಹಾಗಾಗಿ 'ಯಾರಿಗೂ ಹೇಳಲ್ಲ' ಅಂತ ಮುಂಚೆಯೇ ಮಾತು ಕೊಡಬೇಡಿ. 'ನಿನ್ನ ಒಳ್ಳೇದಕ್ಕೆ ಬೇಕಾದವರಿಗೆ ಮಾತ್ರ ಹೇಳ್ತೀನಿ, ನಿನ್ನ ಜೊತೆ ಇರ್ತೀನಿ' ಅನ್ನಿ. ಮಕ್ಕಳ ಸಹಾಯವಾಣಿ 1098. ಫೋಟೋ ಇಟ್ಟುಕೊಂಡು ಬೆದರಿಸುವುದು, ಆನ್‌ಲೈನ್ ಮೋಸ ಇಂಥವಕ್ಕೆ 1930.

ಯಾರಾದರೂ 'ಬದುಕೋದು ಬೇಡ ಅನ್ಸುತ್ತೆ' ಅಂತ ಬರೆದರೆ ಅದನ್ನು ಸುಮ್ನೆ ಹೇಳಿದ್ದು ಅಂತ ಬಿಡಬೇಡಿ. ಆ ಕ್ಷಣವೇ ಕರೆ ಮಾಡಿ. ಸಾಯಬೇಕು ಅಂತ ಯೋಚನೆ ಬಂದಿದೆಯಾ ಅಂತ ನೇರವಾಗಿ ಕೇಳಿ. ಹಾಗೆ ಕೇಳುವುದರಿಂದ ಅಪಾಯ ಹೆಚ್ಚಾಗುವುದಿಲ್ಲ. ಹತ್ತಿರ ಇರುವವರನ್ನು ಅವರ ಬಳಿ ಕಳಿಸಿ, ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಪ್ರಾರ್ಥನೆಯೂ ಬೇಕು, ಡಾಕ್ಟರೂ ಬೇಕು. ಎರಡರಲ್ಲಿ ಒಂದು ಆರಿಸು ಅಂತ ಯಾರನ್ನೂ ನಿಲ್ಲಿಸಬಾರದು.

ಹೆಜ್ಜೆ 7: ಬೇರೆ ಮನೆಯ ಸ್ನೇಹಿತರು

ನಿಮ್ಮ ಹುಡುಗರ ರೀಲ್ಸನ್ನು ಅವರ ಹಿಂದೂ, ಮುಸ್ಲಿಂ, ಲಿಂಗಾಯತ ಸ್ನೇಹಿತರೂ ನೋಡುತ್ತಾರೆ. ಪ್ರಶ್ನೆ ಕೇಳಬಹುದು. ಸಂವಿಧಾನದ 25ನೇ ವಿಧಿ ಧರ್ಮವನ್ನು ಅನುಸರಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕು ಕೊಟ್ಟಿದೆ. ಆದರೆ ಪ್ರಸಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಅಂತ ಸುಪ್ರೀಂ ಕೋರ್ಟ್ 1977ರ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. 2022ರಲ್ಲಿ ಬಂದ ಕರ್ನಾಟಕದ ಕಾಯಿದೆ ಬಲವಂತ, ವಂಚನೆ, ಆಮಿಷದ ಮತಾಂತರಕ್ಕೆ ಶಿಕ್ಷೆ ಇಟ್ಟಿತು. ಅಪ್ರಾಪ್ತರ ವಿಷಯದಲ್ಲಿ ಶಿಕ್ಷೆ ಇನ್ನೂ ಕಠಿಣ. ಅದನ್ನು ವಾಪಸ್ ಪಡೆಯಲು 2023ರಲ್ಲಿ ಸಂಪುಟ ತೀರ್ಮಾನಿಸಿತು. ಈ ವಿಷಯದಲ್ಲಿ ಸಭೆಗೆ ಗೊತ್ತಿರುವ ವಕೀಲರೊಬ್ಬರನ್ನು ಕರೆಸಿ ಲೀಡರ್‌ಗಳಿಗೆ ಒಂದು ತರಗತಿ ಮಾಡಿಸಿ.

ಕಾನೂನು ಇಲ್ಲದಿದ್ದರೂ ನಾವು ಹೀಗೆಯೇ ನಡೆಯಬೇಕು ಅಂತ ನನ್ನ ನಂಬಿಕೆ. ಕೇಳದವರಿಗೆ ಕಳಿಸಬೇಡಿ. ಯಾರ ನಂಬರನ್ನೂ ಕೇಳದೆ ಗ್ರೂಪಿಗೆ ಸೇರಿಸಬೇಡಿ. ಇನ್ನೊಬ್ಬರ ದೇವರು, ಹಬ್ಬ, ಪೂಜೆಯ ಬಗ್ಗೆ ಹಗುರವಾದ ಒಂದು ಪೋಸ್ಟೂ ಬೇಡ. ಬಂದರೆ ಗುಣವಾಗುತ್ತೆ, ಕೆಲಸ ಸಿಗುತ್ತೆ ಅನ್ನುವ ಆಸೆ ತೋರಿಸಬೇಡಿ. ರೋಗಿಯ ಫೋಟೋ ಹಾಕಿ 'ಅದ್ಭುತ' ಅಂತ ಬರೆಯಬೇಡಿ. ಪೇತ್ರನ ಮೊದಲ ಪತ್ರದ 3ನೇ ಅಧ್ಯಾಯ ಹೇಳುವುದೂ ಇದೇ: ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಮೃದುವಾಗಿ, ಗೌರವದಿಂದ. 18 ತುಂಬದ ಹುಡುಗನೊಬ್ಬ ಆಸಕ್ತಿ ತೋರಿಸಿದರೆ ಅವನ ಮನೆಯವರಿಗೆ ಗೊತ್ತಿಲ್ಲದಂತೆ ಏನೂ ನಡೆಯಬಾರದು.

ಹೆಜ್ಜೆ 8: ಫೋನಿನಿಂದ ಎದುರಿಗೆ

2020ರ ಲಾಕ್‌ಡೌನಿನಲ್ಲಿ ನಮ್ಮ ಆರಾಧನೆಗಳೆಲ್ಲ ಫೋನಿಗೆ ಬಂದವು. ಅದು ಎಷ್ಟು ಆಸರೆಯಾಯಿತು, ಎಷ್ಟು ಸಾಲದೇ ಹೋಯಿತು ಎರಡೂ ನಮಗೆ ಗೊತ್ತು. ಕರ್ತನ ಭೋಜನ ಸ್ಕ್ರೀನಿನಲ್ಲಿ ಹಂಚಲು ಬರುವುದಿಲ್ಲ. ಹಾಗಾಗಿ ವಾರದ ಮಾತುಕತೆಯಲ್ಲಿ ಒಂದಾದರೂ ಎದುರಾಬದುರು ಕೂತು ಮುಗಿಯಬೇಕು. ಶನಿವಾರ ಸಂಜೆ ಚರ್ಚ್ ಅಂಗಳದಲ್ಲಿ ಕ್ರಿಕೆಟ್, ಆಮೇಲೆ ಮಂಡಕ್ಕಿ ಮಿರ್ಚಿ, ಆಮೇಲೆ ವಾರದ ಪ್ರಶ್ನೆಗಳಲ್ಲಿ ಒಂದನ್ನು ಎತ್ತಿಕೊಂಡು ಅರ್ಧ ಗಂಟೆ ಮಾತು. ಆ ಹೊತ್ತಿನಲ್ಲಿ ಎಲ್ಲರ ಫೋನೂ ಒಂದು ಬುಟ್ಟಿಯಲ್ಲಿ, ಲೀಡರ್‌ದೂ ಸೇರಿ. ಊರು ಬಿಟ್ಟು ಬೆಂಗಳೂರಿಗೋ ದುಬೈಗೋ ಹೋದವರಿಗೆ ಅಲ್ಲಿನ ಕನ್ನಡ ಸಭೆಯ ಒಬ್ಬರ ಪರಿಚಯ ಮಾಡಿಸಿಕೊಡಿ. ಗ್ರೂಪಿನಲ್ಲಿ ಉಳಿದರೆ ಸಾಲದು, ಅಲ್ಲಿ ಯಾರಾದರೂ ಊಟಕ್ಕೆ ಕರೆಯಬೇಕು.

ಕೆಲಸ ಸರಿಯಾಗಿ ನಡೀತಿದೆಯಾ ಅಂತ ನೋಡಲು ಲೈಕು, ವ್ಯೂ ಎಣಿಸಬೇಡಿ. ತಿಂಗಳ ಕೊನೆಗೆ ಲೀಡರ್‌ಗಳು ಕೂತು ಇಷ್ಟು ಕೇಳಿಕೊಳ್ಳಿ: ಈ ತಿಂಗಳು ಯಾರು ಮೊದಲ ಸಲ ಪ್ರಶ್ನೆ ಕೇಳಿದರು? ಯಾರು ಮಾತು ನಿಲ್ಲಿಸಿದರು? ಅವರನ್ನು ಯಾರು ಹೋಗಿ ನೋಡಿದರು? ಉತ್ತರ ಸಿಗದ ಹೆಸರುಗಳನ್ನು ಬರೆದುಕೊಂಡು ಹಂಚಿಕೊಳ್ಳಿ, ಮುಂದಿನ ಭಾನುವಾರದೊಳಗೆ ಒಬ್ಬೊಬ್ಬರು ಒಂದೊಂದು ಮನೆಗೆ ಹೋಗಿಬನ್ನಿ.